ಬಾಗಿಲ ಬೀಸುಕಲ್ಲು

ಬೇಳೆ ಮಿಲ್ಲಿನ ಮೆಟ್ಟಿಲ ಸಂದಿಗೆ ಚಂದಮ್ಮ ಹಾರೆ ಹಾಕಿದಳು. ಆ ಮೆಟ್ಟಿಲು ಅವಳ ಅತ್ತೆ ಕಾಲದ ಬೀಸುಕಲ್ಲು. ಸರ್ಕಾರದ ಸಹಾಯಧನದಲ್ಲಿ ದೋರನಹಳ್ಳಿಯ ಮಹಿಳಾ ಸಂಘಕ್ಕೆ ಮಿಲ್ಲು ಬಂದಾಗ, ಇನ್ನು ರಟ್ಟೆನೋವು ತಪ್ಪಿತೆಂದು ಆ ಕಲ್ಲನ್ನು ತಾನೇ ಹೊತ್ತು ತಂದು ಬಾಗಿಲಲ್ಲಿ ಹೂಳಿಸಿದ್ದಳು. ಎರಡು ವರ್ಷವಾದರೂ ತ್ರೀಫೇಸ್ ಕರೆಂಟು ಬಂದಿಲ್ಲ. ಯಂತ್ರ ಒಂದು ತೊಗರಿ ಕಾಳನ್ನೂ ಒಡೆದಿಲ್ಲ.

“ಅತ್ತಿ, ಮೆಟ್ಟಲ ಯಾಕ ಕೀಳಾಕತ್ತೀರಿ? ನಾಳಿ ಸಾಹೇಬ್ರು ಮಿಲ್ಲಿನ ಫೋಟೋ ತೆಗಿಯಾಕ ಬರ್ತಾರ,” ಎಂದಳು ಸಂಘದ ಸೌಭಾಗ್ಯ.

“ಬ್ಯಾಳಿ ಮಾಡಾಕಂತ ಕೆಮ್ಮಣ್ಣು ಹಚ್ಚಿದ ತೊಗರಿ ಮನ್ಯಾಗ ಒಣಗಿ ಕುಂತದ. ಯಾರರ ಒಡಿಬೇಕಲ್ಲ.”

ಕಲ್ಲು ಎದ್ದಿತು, ಎರಡು ಹೋಳಾಗಿ. ಚಂದಮ್ಮ ಹಾರೆ ಬಿಟ್ಟು ಅಲ್ಲೇ ಕುಕ್ಕರಿಸಿದಳು. ಸೌಭಾಗ್ಯ ಹೋಳುಗಳನ್ನು ಮೊದಲಿನ ಹಾಗೇ ಕೂಡಿಸಿಟ್ಟು, ಸಂದಿಗೆ ಮಣ್ಣು ತುಂಬಿ ಕಾಲಿನಿಂದ ತುಳಿದಳು.

“ಫೋಟೋದಾಗ ಕಾಣಂಗಿಲ್ಲ ಬಿಡ್ರಿ, ಅತ್ತಿ.”