ಎರಡು ಬೆರಳು ಬಲಕ್ಕೆ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಾಗಲೆಲ್ಲ ಆ ವಾಸನೆಗೆ ಧಾರವಾಡದ ಪೊಲೀಸ್ ವಸತಿಯ ಒಂದು ಭಾನುವಾರದ ಮಧ್ಯಾಹ್ನ ನನಗೆ ನೆನಪಾಗುತ್ತದೆ.

ಅಪ್ಪ ಫೌಜದಾರರಾಗಿದ್ದರು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಅವರು, ಇಬ್ಬರೇ. ಭಾನುವಾರ ಊಟವಾದ ಮೇಲೆ ಅವರು ರಿವಾಲ್ವರಿನ ಗುಂಡುಗಳನ್ನು ತೆಗೆದಿಟ್ಟು, ನಳಿಗೆಯನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ವಾರದಲ್ಲಿ ಅವರ ಪಕ್ಕ ಕೂರಲು ನನಗೆ ಸಿಗುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಇವತ್ತಾದರೂ ನನ್ನೊಡನೆ ಮಾತಾಡಲಿ ಎಂದು ಪ್ರತಿ ವಾರವೂ ಕಾಯುತ್ತಿದ್ದೆ.

ಅಂದು ನೆರೆಮನೆಯ ಹವಾಲ್ದಾರ್ ಕಾಕಾ ಬಂದರು.

“ಸಾಹೇಬ್ರ, ಗುರಿಗೆ ಯಾವ ರಿವಾಲ್ವರ್ ಛಲೋರಿ? ಉದ್ದ ನಳಿಗಿದೋ, ಗಿಡ್ಡದೋ?”

“ಹತ್ತು ವರ್ಷ ಕೈಯಾಗ ಇದ್ದದ್ದೇ ಛಲೋ,” ಎಂದರು ಅಪ್ಪ. “ಇದು ಎಡಕ್ಕ ಹೊಡಿತೈತಿ. ನಾ ಎರಡು ಬೆರಳು ಬಲಕ್ಕ ಹಿಡಿತೇನಿ, ನಟ್ಟನಡುವ ಬೀಳ್ತೈತಿ. ಮಳಿಗಾಲದಾಗ ಟ್ರಿಗರ್ ಬಿಗಿ ಆಗ್ತೈತಿ. ಇದರ ಸ್ವಭಾವ ಎಲ್ಲಾ ಗೊತ್ತೈತಿ ನನಗ.”

“ಮನಿ ಮಂದಿ ಸ್ವಭಾವನೂ ಯಾರಿಗೂ ಇಷ್ಟು ಗೊತ್ತಿರೂದಿಲ್ಲ ಬಿಡ್ರಿ!” ಕಾಕಾ ನಕ್ಕು ನನ್ನತ್ತ ನೋಡಿದರು. “ಮಗಳು ಈಗ ಎಷ್ಟನೇ ಇಯತ್ತಾರಿ?”

ಅಪ್ಪ ತಲೆ ಎತ್ತಿ ನನ್ನನ್ನು ಒಂದು ಕ್ಷಣ ನೋಡಿದರು.

“ಮೂರನೇದು.”

ನಾನು ಐದನೆಯ ತರಗತಿಯಲ್ಲಿದ್ದೆ.

“ಹೌದ್ರಿ ಕಾಕಾ,” ಎಂದೆ.