ತಂದೆಯಿಲ್ಲದ ಮಕ್ಕಳಿಗೆ

ನೆರವು ತಂದೆಯಿಲ್ಲದ ಮಕ್ಕಳಿಗೆ ಮಾತ್ರ ಎಂದು ಟ್ರಸ್ಟಿನವರು ಮೊದಲೇ ತಿಳಿಸಿದ್ದರು. ನರ್ಸಿಂಗ್ ಕಾಲೇಜಿನ ಫೀಸಿಗಾಗಿ ಅರ್ಜಿ ಹಾಕಿದ್ದ ಶಶಿಕಲಾ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಜೊತೆಗೆ ಬಂದವನು ತಾನು ಹುಡುಗಿಯ ಚಿಕ್ಕಪ್ಪ ಎಂದು ಹೇಳಿ ಕೈಮುಗಿದ.

"ಅಪ್ಪ ಹೇಗೆ ತೀರ್ಕೊಂಡ್ರಮ್ಮ?" ಅಧ್ಯಕ್ಷರು ಮಸಾಲೆ ದೋಸೆ ಮುರಿಯುತ್ತ ಕೇಳಿದರು.

ಜೊತೆಗೆ ಬಂದವನೇ ಮಾತಾಡಿದ.

"ಲಾರಿ ಗುದ್ದಿತು ಸರ್. ಆಸ್ಪತ್ರೆಗೆ ಹೋಗೋ ದಾರೀಲೇ ಜೀವ ಹೋಯ್ತು. ಕೊನೇ ಉಸಿರಿರೋ ತನಕ ಮಗಳ ಹೆಸರೇ ಹೇಳ್ತಿದ್ದ."

ಅವನು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ಅವಳಿಗೆ ಹೇಸಿಗೆಯಾಯಿತು.

ಅಧ್ಯಕ್ಷರು ಮೊಬೈಲು ಹಿಡಿದು ನಿಂತಿದ್ದ ಗುಮಾಸ್ತನತ್ತ ತಿರುಗಿದರು. "ರೆಕಾರ್ಡ್ ಆಯ್ತೇನಯ್ಯ?"

"ಇಲ್ಲ ಸರ್, ಒತ್ತೋದು ತಡವಾಯ್ತು."

"ಹಾಗಾದ್ರೆ ಲಾರಿಯಿಂದ ಇನ್ನೊಂದ್ಸಲ ಹೇಳಿ. ನೀನು ಸ್ವಲ್ಪ ಅಳಮ್ಮ, ಸಂಕೋಚ ಬೇಡ. ದಾನಿಗಳು ನೋಡ್ತಾರೆ."

ಲಾರಿ ಇನ್ನೊಮ್ಮೆ ಗುದ್ದಿತು. ಈ ಸಲ ರಸ್ತೆಯ ತುಂಬ ರಕ್ತವೂ ಹರಿಯಿತು. ಶಶಿಕಲಾ ನಿಜವಾಗಿಯೇ ಅತ್ತಳು; ಆದರೆ ಅದು ಅಸಹ್ಯದಿಂದ ಬಂದ ಅಳು. ಅಧ್ಯಕ್ಷರು ಚಟ್ನಿ ಅಂಟಿದ ಬೆರಳು ನೆಕ್ಕಿಕೊಂಡು, "ಈಗ ಚೆನ್ನಾಗಿ ಬಂತು" ಎಂದು ಅರ್ಜಿಗೆ ಸಹಿ ಹಾಕಿದರು.

ಬಸ್ ಸ್ಟಾಪಿನಲ್ಲಿ ಜೊತೆಗೆ ಬಂದವನು ಅವಳ ಚೀಲ ಹಿಡಿದುಕೊಳ್ಳಲು ಕೈ ಚಾಚಿದ. ಅವಳು ಕೊಡದೆ ಮುಖ ತಿರುಗಿಸಿಕೊಂಡಳು.

"ಮನೆಗೆ ಹೋಗಿ ಇದನ್ನೆಲ್ಲ ಅಮ್ಮನ ಹತ್ರ ಹೇಳ್ಬೇಡ, ಅಪ್ಪಾ" ಎಂದಳು.