ಗುಡ್ಡದೀಚೆಯ ಪಟ್ಟೆ

ಹಾವುಗಳ ಅಧ್ಯಯನಕ್ಕೆ ಬಂದ ಮೇಡಂ ಹೇಳಿದಂತೆ ನೀಲವ್ವ ಮಣ್ಣಿನ ಹಾವುಗಳಿಗೆ ಪಟ್ಟೆ ಬಳಿದು ಗುಡ್ಡದ ಎರಡೂ ಬದಿಗೆ ಇಟ್ಟಿದ್ದಳು. ವಾರದ ಮೇಲೆ ನೋಡಿದರೆ ಆಚೆಯವು ಇಟ್ಟ ಹಾಗೇ ಇದ್ದವು. ಈಚೆಯವನ್ನು ಹದ್ದುಗಳು ಕುಕ್ಕಿ ತುಂಡು ಮಾಡಿದ್ದವು.

“ಆಚೆ ವಿಷದ ಕಟ್ಟುಹಾವು ಇದೆ, ಪಟ್ಟೆ ಕಂಡ್ರೆ ಹದ್ದಿಗೆ ಭಯ,” ಎಂದರು ಮೇಡಂ. “ಈಚೆ ಇರೋದು ಅದರ ವೇಷ ಹಾಕಿರೋ, ವಿಷ ಇಲ್ಲದ ಸಾಧು ಹಾವು ಮಾತ್ರ. ಆಚೆಯ ತನ್ನ ಜಾತಿಯವುಗಳ ಜೊತೆ ಕೂಡ್ತಾ ಇರೋದಕ್ಕೇ ಅದಕ್ಕೆ ಪಟ್ಟೆ ಉಳಿದಿದೆ. ಆದ್ರೆ ಇಲ್ಲಿನ ಹದ್ದಿಗೆ ಆ ಭಯ ಇಲ್ಲ, ಎದ್ದು ಕಾಣೋ ಪಟ್ಟೆ ಇದ್ದದ್ದೇ ಮೊದಲು ಸಾಯೋದು.”

ನೀಲವ್ವ ಊದಿದ ಕೆನ್ನೆ ಮುಟ್ಟಿಕೊಂಡಳು. ಗುಡ್ಡದಾಚೆಯ ಅವಳ ತವರಿನಲ್ಲಿ ಹೆಂಡತಿ ‘ಅನ್ನದಾಗ ವಿಷಾ ಹಾಕೇನು’ ಅಂದರೆ ಹಿಂದೆ ಒಬ್ಬಿಬ್ಬರು ನಿಜಕ್ಕೂ ಹಾಕಿದ್ದು ನೆನಪಾಗಿ ಗಂಡ ಎತ್ತಿದ ಕೈ ಇಳಿಸುತ್ತಿದ್ದ. ಅದೇ ಮಾತಿಗೆ ಇಲ್ಲಿ ಅವಳ ಗಂಡ ನಕ್ಕು, ಇನ್ನೆರಡು ಬಿಗಿದಿದ್ದ.

“ಖರೇ ವಿಷದ್ದು ಎಷ್ಟ್ ಇರಬೇಕ್ರಿ ಮೇಡಂ?”

“ಬಹಳ ಬೇಡ. ಒಂದೆರಡು ಇದ್ರೂ ಉಳಿದವು ಬದುಕ್ತವೆ.”

ಮರುದಿನ ನೀರಿನ ಟಾಕಿಯ ಬಳಿ ಓಣಿಯ ಹೆಂಗಸರು ಸೇರಿ, ಗಂಡಂದಿರ ಹೆಸರಿನ ಚೀಟಿಗಳನ್ನು ಕೊಡದಲ್ಲಿ ಹಾಕಿ ಕುಲುಕಿ ಒಂದನ್ನು ಎತ್ತಿದರು. ಹೆಂಡತಿಯ ಮೇಲೆ ಎಂದೂ ಕೈಯೆತ್ತದ ಚನಬಸಪ್ಪನ ಹೆಸರು ಬಂತು.

ಅವನ ಹೆಂಡತಿ ಬಾಯಿ ತೆರೆಯುವ ಮೊದಲೇ ನೀಲವ್ವ ಅಂದಳು, “ಚಲೋ ಆತು. ಅಂವಾ ಹೆಂಡ್ತಿ ನೀಡಿದ್ದನ್ನ ನಂಬಿ ಉಣ್ತಾನ.”